ಗುಜರಾತಿನಲ್ಲಿ ಬಿಯರ್: ಅಹಮದಾಬಾದ್, ವಡೋದರಾ, ಸೂರತ್

ಗುಜರಾತಿನ ಮೂರು ದೊಡ್ಡ ನಗರಗಳಾದ ಅಹಮದಾಬಾದ್, ವಡೋದರಾ ಮತ್ತು ಸೂರತ್‌ಗಳಲ್ಲಿ ಬಿಯರ್ ತಯಾರಿಸಿ ಜನರಿಗೆ ಮಾರುವ ಬ್ರೂವರಿ ಇಲ್ಲ. ಲಾರಿಗಟ್ಟಲೆ ಬಾಟಲಿ ತುಂಬಿ ಕಳಿಸುವ ಕಾರ್ಖಾನೆಯೂ ಇಲ್ಲ, ಬೆಂಗಳೂರಿನಲ್ಲಿರುವಂತೆ ಗಾಜಿನ ಗೋಡೆಯ ಹಿಂದೆ ತಾಮ್ರದ ಹಂಡೆ ಇಟ್ಟುಕೊಂಡು ಅಲ್ಲೇ ಕಾಯಿಸಿ ಅಲ್ಲೇ ಬಡಿಸುವ ಮೈಕ್ರೊಬ್ರೂವರಿಯೂ ಇಲ್ಲ. 1960ರ ಮೇ 1ರಂದು ಹುಟ್ಟಿದ ದಿನದಿಂದಲೇ ಈ ರಾಜ್ಯದಲ್ಲಿ ಪಾನನಿರೋಧ ಜಾರಿಯಲ್ಲಿದೆ. ಹಾಗೆಂದು ಇಲ್ಲಿ ಬರೆಯುವುದಕ್ಕೆ ವಿಷಯವೇ ಇಲ್ಲವೆಂದಲ್ಲ. ಸೂರತ್ ಜಿಲ್ಲೆಯ ಈಚಲು ತೋಪುಗಳು, ಬರೋಡಾ ಸಂಸ್ಥಾನದಲ್ಲಿ ಆಲ್ಕೋಹಾಲ್ ತೆಗೆಯಲು ಹುಟ್ಟಿದ ಒಂದು ಕಾರ್ಖಾನೆ, ಅಹಮದಾಬಾದಿನ ಗಿರಣಿ ಕಾರ್ಮಿಕರ ಕೇರಿಗಳು, ದಮನ್‌ನ ಗಡಿ, ಸೋಡಾ ಬಾಟಲಿಯಲ್ಲಿ ತುಂಬಿದ ಸ್ವದೇಶಿ ಹಠ, ಇವೆಲ್ಲ ಸೇರಿ ಬಿಯರಿಲ್ಲದ ನಾಡಿನ ಪಾನೀಯಗಳ ಇತಿಹಾಸ ರೂಪುಗೊಂಡಿದೆ. ಕುಡಿಯುವವರ ನಾಲಗೆಗಿಂತ ಕಾನೂನಿನ ಕಲಮುಗಳೇ ಪಾನೀಯದ ರುಚಿಯನ್ನು ನಿರ್ಧರಿಸಿದ ಉದಾಹರಣೆ ಇಷ್ಟು ಸ್ಪಷ್ಟವಾಗಿ ಬೇರೆಡೆ ಸಿಗುವುದು ಕಷ್ಟ.

ಮರದ ತೆರಿಗೆಯಿಂದ ಪಾನನಿರೋಧದವರೆಗೆ

ಬಾರ್ಲಿಯಿಂದ ಬಿಯರ್ ಮಾಡುವ ರೂಢಿ ಗುಜರಾತಿನದಲ್ಲ. ಈ ಸೀಮೆಯ ಹಗುರ ಪಾನೀಯವೆಂದರೆ ತಾಡಿ, ಅಂದರೆ ನಮ್ಮ ಹೆಂಡ ಅಥವಾ ಸೇಂದಿ. ಗಟ್ಟಿ ಪಾನೀಯವೆಂದರೆ ಮಹುಡಾ ಹೂವಿನಿಂದ ಭಟ್ಟಿ ಇಳಿಸಿದ ದಾರೂ. ಮಹುಡಾ ನಮ್ಮ ಹಿಪ್ಪೆ ಮರದ ಹತ್ತಿರದ ಬಂಧು. ದಕ್ಷಿಣ ಗುಜರಾತಿನ ಆದಿವಾಸಿಗಳಿಗೆ ತಾಡಿ ಬರೀ ಅಮಲಿನ ಪದಾರ್ಥವಾಗಿರಲಿಲ್ಲ. ಬೇಸಗೆಯಲ್ಲಿ ಧಾನ್ಯ ಮುಗಿದಾಗ ಹೊಟ್ಟೆ ತುಂಬಿಸುತ್ತಿದ್ದದ್ದೂ ಅದೇ.

1878ರ ಮುಂಬಯಿ ಅಬಕಾರಿ ಕಾಯ್ದೆ ಈ ವ್ಯವಸ್ಥೆಯನ್ನು ಬುಡಮೇಲು ಮಾಡಿತು. ಮರಕ್ಕಿಷ್ಟು ಎಂದು ತೆರಿಗೆ ಬಿತ್ತು, ಮನೆಯಲ್ಲಿ ಭಟ್ಟಿ ಇಳಿಸುವುದು ಅಪರಾಧವಾಯಿತು, ಮಾರುವ ಹಕ್ಕು ಗುತ್ತಿಗೆದಾರರ ಪಾಲಾಯಿತು. ದಕ್ಷಿಣ ಗುಜರಾತಿನಲ್ಲಿ ಆ ಗುತ್ತಿಗೆದಾರರಲ್ಲಿ ಹೆಚ್ಚಿನವರು ಪಾರ್ಸಿಗಳು. ಆ ಸಮುದಾಯದ ಅಡ್ಡಹೆಸರುಗಳಲ್ಲಿ ಈ ಚರಿತ್ರೆ ಇವತ್ತಿಗೂ ಅಚ್ಚೊತ್ತಿದಂತಿದೆ: ದಾರುವಾಲಾ, ತಾಡಿವಾಲಾ, ಪೀಠಾವಾಲಾ. ಪೀಠು ಎಂದರೆ ಹೆಂಡದಂಗಡಿ. ಮರ ಇದ್ದದ್ದು ಆದಿವಾಸಿಯ ಹೊಲದಲ್ಲಿ, ಅದರ ರಸ ಬೇಕೆಂದರೆ ಪೀಠಿಗೆ ಹೋಗಿ ದುಡ್ಡು ಕೊಟ್ಟು ಕುಡಿಯಬೇಕು, ದುಡ್ಡಿಲ್ಲದಿದ್ದರೆ ಸಾಲ, ಸಾಲ ತೀರದಿದ್ದರೆ ಹೊಲ.

1922ರ ಕೊನೆಯಲ್ಲಿ ಸೂರತ್ ಜಿಲ್ಲೆಯ ಪೂರ್ವಭಾಗದಲ್ಲಿ ಒಂದು ವಿಚಿತ್ರ ಚಳವಳಿ ಹಬ್ಬಿತು. ಸಲಾಬಾಯಿ ಎಂಬ ದೇವಿ ಬಂದಿದ್ದಾಳೆ, ಮೈದುಂಬಿದವರ ಬಾಯಲ್ಲಿ ಅಪ್ಪಣೆ ಕೊಡುತ್ತಿದ್ದಾಳೆ ಎಂದು ಸಾವಿರಾರು ಆದಿವಾಸಿಗಳು ಬಯಲಲ್ಲಿ ಸೇರತೊಡಗಿದರು. ದಾರೂ ಬಿಡಿ, ತಾಡಿ ಬಿಡಿ, ಮಾಂಸ ಬಿಡಿ, ದಿನಾ ಸ್ನಾನ ಮಾಡಿ, ಪಾರ್ಸಿ ಅಂಗಡಿಯವರ ಕೆಲಸಕ್ಕೆ ಹೋಗಬೇಡಿ ಎನ್ನುವುದು ಅಪ್ಪಣೆಯ ಸಾರ. ಈ ಚಳವಳಿಯ ಮೇಲೆ ಇತಿಹಾಸಕಾರ ಡೇವಿಡ್ ಹಾರ್ಡಿಮನ್ 1987ರಲ್ಲಿ ಒಂದು ಇಡೀ ಪುಸ್ತಕವನ್ನೇ ಬರೆದರು. ಮೇಲಿನಿಂದ ಯಾರೋ ಬೋಧಿಸಿದ ಸುಧಾರಣೆ ಇದಾಗಿರಲಿಲ್ಲ ಎಂಬುದನ್ನು ಗಮನಿಸಬೇಕು. ಕಾಂಗ್ರೆಸ್ಸಿನವರು ಅಲ್ಲಿಗೆ ತಲುಪುವ ಮೊದಲೇ ದೇವಿ ತಲುಪಿದ್ದಳು. ಗುಜರಾತಿನ ಪಾನನಿರೋಧವನ್ನು ಗಾಂಧೀಜಿಯ ಹೆಸರಿಗೇ ಪೂರ್ತಿ ಬರೆದುಬಿಡುವವರು ಈ ಅಧ್ಯಾಯವನ್ನು ಸಾಮಾನ್ಯವಾಗಿ ಹಾರಿಸಿಬಿಡುತ್ತಾರೆ.

1930ರ ದಾಂಡಿ ಸತ್ಯಾಗ್ರಹದ ಹೊತ್ತಿಗೆ ಎರಡು ಹೊಳೆಗಳು ಕೂಡಿದವು. ಉಪ್ಪಿನ ಜೊತೆಗೆ ಈಚಲು ಮರವೂ ಸರ್ಕಾರಿ ವರಮಾನದ ಗುರುತಾಯಿತು, ಸೂರತ್ ಜಿಲ್ಲೆಯಲ್ಲಿ ಸತ್ಯಾಗ್ರಹಿಗಳು ಮರಗಳನ್ನು ಕಡಿದುರುಳಿಸಿದರು. ಹೆಂಡದಂಗಡಿಗಳ ಮುಂದೆ ಪಿಕೆಟಿಂಗ್ ಮಾಡುವ ಕೆಲಸವನ್ನು ಗಾಂಧೀಜಿ ಹೆಂಗಸರಿಗೆ ವಹಿಸಿದ್ದರು. ಅದರಲ್ಲಿ ಮುಂದೆ ನಿಂತವರಲ್ಲಿ ಮಿಠೂಬೆನ್ ಪೆಟಿಟ್ ಒಬ್ಬರು. ಮುಂಬಯಿಯ ಸಿರಿವಂತ ಪಾರ್ಸಿ ಮನೆತನದ ಹೆಣ್ಣುಮಗಳು, ತಮ್ಮದೇ ಸಮುದಾಯದವರ ಅಂಗಡಿಗಳ ಎದುರು ನಿಂತರು, ಆಮೇಲೆ ಮರೋಲಿಯಲ್ಲಿ ಆಶ್ರಮ ಕಟ್ಟಿ ಅಲ್ಲೇ ಬಾಳಿದರು.

ಅಹಮದಾಬಾದಿನಲ್ಲಿ ಪ್ರಶ್ನೆ ಮರದ್ದಲ್ಲ, ಗಿರಣಿಯದು. 1920ರಲ್ಲಿ ಅನಸೂಯಾ ಸಾರಾಭಾಯಿ ಅವರ ಮುಂದಾಳ್ತನದಲ್ಲಿ ರೂಪುಗೊಂಡ ಮಜೂರ್ ಮಹಾಜನ ಸಂಘ ಕೂಲಿಯ ಜೊತೆಗೆ ಕುಡಿತದ ಲೆಕ್ಕವನ್ನೂ ಕೈಗೆತ್ತಿಕೊಂಡಿತು. ಸಂಬಳದ ದಿನ ಗಿರಣಿ ಗೇಟಿನಿಂದ ಮನೆಗೆ ಬರುವ ದಾರಿಯಲ್ಲಿ ಎಷ್ಟು ಹಣ ಸೋರಿಹೋಗುತ್ತದೆ ಎನ್ನುವುದು ಅದರ ನಿತ್ಯದ ಚಿಂತೆ. 1937ರಲ್ಲಿ ಅಧಿಕಾರಕ್ಕೆ ಬಂದ ಮುಂಬಯಿ ಪ್ರಾಂತದ ಕಾಂಗ್ರೆಸ್ ಸರ್ಕಾರ ಮರುವರ್ಷವೇ ಅಹಮದಾಬಾದನ್ನು ಪಾನನಿರೋಧದ ಪ್ರಯೋಗಕ್ಕೆ ಆರಿಸಿಕೊಂಡಿತು.

ಸ್ವಾತಂತ್ರ್ಯಾನಂತರ ಬಂದದ್ದು 1949ರ ಮುಂಬಯಿ ಪಾನನಿರೋಧ ಕಾಯ್ದೆ. 1950ರ ಹೊತ್ತಿಗೆ ಇಡೀ ಮುಂಬಯಿ ರಾಜ್ಯ ಒಣಗಿತು. ಕನ್ನಡ ಓದುಗರು ಇಲ್ಲೊಂದು ಕ್ಷಣ ನಿಲ್ಲಬೇಕು. ಬೆಳಗಾವಿ, ಧಾರವಾಡ, ಬಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು 1956ರವರೆಗೆ ಮುಂಬಯಿ ರಾಜ್ಯದಲ್ಲೇ ಇದ್ದವು. ಅಹಮದಾಬಾದಿನ ಗಿರಣಿ ಕೆಲಸಗಾರನಿಗೆ ಅನ್ವಯಿಸಿದ ಕಾಯ್ದೆಯೇ ಹುಬ್ಬಳ್ಳಿಯ ಹಮಾಲನಿಗೂ ಅನ್ವಯಿಸುತ್ತಿತ್ತು. ರಾಜ್ಯ ಪುನರ್ವಿಂಗಡಣೆಯಲ್ಲಿ ನಮ್ಮ ಜಿಲ್ಲೆಗಳು ಬೇರೆ ದಾರಿ ಹಿಡಿದವು. 1960ರಲ್ಲಿ ಮಹಾರಾಷ್ಟ್ರ ಮತ್ತು ಗುಜರಾತ್ ಬೇರೆಯಾದಾಗ ಎರಡೂ ಇದೇ ಕಾಯ್ದೆಯನ್ನು ಉಳಿಸಿಕೊಂಡವು. ಮಹಾರಾಷ್ಟ್ರ ಅದನ್ನು ಸಡಿಲಿಸುತ್ತ ಹೋಯಿತು, ಗುಜರಾತ್ ಬಿಗಿಗೊಳಿಸುತ್ತ ಬಂತು. ಮುಂಬಯಿಯಲ್ಲಿ ಉಡುಪಿ, ಮಂಗಳೂರು ಕಡೆಯ ಶೆಟ್ಟರು ನಡೆಸುವ ಬಾರುಗಳ ಬೋರ್ಡಿನ ಮೇಲೆ ಈಗಲೂ ಕಾಣುವ ‘ಪರ್ಮಿಟ್ ರೂಮ್’ ಎಂಬ ಮಾತು ಈ ಕಾಯ್ದೆಯ ಪಳೆಯುಳಿಕೆ. ಪರ್ಮಿಟ್ ಇದ್ದವನು ಮಾತ್ರ ಕೂತು ಕುಡಿಯಬಹುದಾದ ಕೋಣೆ ಎಂದು ಅದರ ಅರ್ಥ. ಕಾಗದದ ಮೇಲೆ ಆ ನಿಯಮ ಅಲ್ಲಿ ಇನ್ನೂ ಇದೆ, ಗಿರಾಕಿಯನ್ನು ಕೇಳುವವರು ಕಡಿಮೆ.

ಕಾಯ್ದೆಯನ್ನು ಎಫ್.ಎನ್. ಬಲ್ಸಾರಾ ಎಂಬವರು ಕೋರ್ಟಿನಲ್ಲಿ ಪ್ರಶ್ನಿಸಿದಾಗ ಸುಪ್ರೀಂ ಕೋರ್ಟ್ 1951ರಲ್ಲಿ ಅದರ ಬಹುಭಾಗವನ್ನು ಎತ್ತಿಹಿಡಿಯಿತು, ಆಲ್ಕೋಹಾಲ್ ಬೆರೆತ ಔಷಧ ಮತ್ತು ಸುಗಂಧದ್ರವ್ಯಗಳನ್ನು ಮಾತ್ರ ಅದರ ಹಿಡಿತದಿಂದ ಬಿಡಿಸಿತು. ಸಂವಿಧಾನದ 47ನೇ ವಿಧಿ ಪಾನನಿರೋಧವನ್ನು ರಾಜ್ಯನೀತಿಯ ನಿರ್ದೇಶಕ ತತ್ತ್ವವಾಗಿ ಹೇಳಿರುವುದರಿಂದ ಕಾಯ್ದೆಗೆ ಗಟ್ಟಿ ಬೆನ್ನೆಲುಬು ಸಿಕ್ಕಿತ್ತು. 2017ರ ತಿದ್ದುಪಡಿಯ ಮೇಲೆ ಮದ್ಯ ತಯಾರಿಸಿದರೆ, ಮಾರಿದರೆ, ಸಾಗಿಸಿದರೆ 10 ವರ್ಷದವರೆಗೆ ಸೆರೆವಾಸ, 5 ಲಕ್ಷ ರೂಪಾಯಿವರೆಗೆ ದಂಡ. ಮನೆಯೊಳಗೆ ಕೂತು ಕುಡಿಯುವುದು ಖಾಸಗಿತನದ ಹಕ್ಕಲ್ಲವೇ ಎಂಬ ಅರ್ಜಿಗಳನ್ನು ವಿಚಾರಣೆಗೆ ತೆಗೆದುಕೊಳ್ಳಬಹುದು ಎಂದು ಗುಜರಾತ್ ಹೈಕೋರ್ಟ್ 2021ರ ಆಗಸ್ಟ್‌ನಲ್ಲಿ ಹೇಳಿತು.

ಪರ್ಮಿಟ್ ಪದ್ಧತಿ ಗುಜರಾತಿನಲ್ಲೂ ಇದೆ, ಆದರೆ ಅಲ್ಲಿ ಅದು ಕಾಗದದ ಮಾತಲ್ಲ. ಹೊರರಾಜ್ಯದಿಂದ, ಹೊರದೇಶದಿಂದ ಬಂದವರು ತಾತ್ಕಾಲಿಕ ಪರ್ಮಿಟ್ ಪಡೆದು ಗೊತ್ತಾದ ಹೋಟೆಲುಗಳ ಅಂಗಡಿಯಲ್ಲಿ ಕೊಳ್ಳಬಹುದು. ರಾಜ್ಯದ ನಿವಾಸಿಗಳಿಗೆ ‘ಹೆಲ್ತ್ ಪರ್ಮಿಟ್’ ಉಂಟು: 40 ದಾಟಿದವರು ವೈದ್ಯರ ಮಂಡಳಿಯ ಮುಂದೆ ಹೋಗಿ, ಆರೋಗ್ಯದ ಕಾರಣಕ್ಕೆ ತಮಗೆ ಮದ್ಯ ಬೇಕು ಎಂದು ತೋರಿಸಿಕೊಂಡು, ವಯಸ್ಸಿಗೆ ತಕ್ಕಂತೆ ತಿಂಗಳಿಗಿಷ್ಟು ಯೂನಿಟ್ ಎಂದು ಬರೆಸಿಕೊಳ್ಳಬೇಕು. ಬೇರೆ ಕಡೆ ಡಾಕ್ಟರು ಕುಡಿಯಬೇಡಿ ಎಂದು ಚೀಟಿ ಬರೆದರೆ ಇಲ್ಲಿ ಕುಡಿಯುವುದಕ್ಕೆ ಚೀಟಿ ಬರೆಯುತ್ತಾರೆ.

ಮೊದಲು ಮಾಯವಾಗುವುದು ಬಿಯರೇ

ಪಾನನಿರೋಧ ಎಲ್ಲ ಮದ್ಯಗಳನ್ನೂ ಒಂದೇ ಸಮನೆ ಹೊಡೆಯುವುದಿಲ್ಲ. ಹೆಚ್ಚು ಪೆಟ್ಟು ತಿನ್ನುವುದು ಹಗುರವಾದವು. ಇದಕ್ಕೆ ಕಾರಣ ಬಿಯರ್ ತಯಾರಾಗುವ ಬಗೆಯಲ್ಲೇ ಇದೆ.

ಬಾರ್ಲಿಯನ್ನು ನೆನೆಸಿ ಮೊಳಕೆ ಬರಿಸಿ ಒಣಗಿಸಿದರೆ ಮಾಲ್ಟ್. ಅದನ್ನು ಒಡೆದು ಸುಮಾರು 65 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ಇಟ್ಟರೆ ಕಾಳಿನ ಪಿಷ್ಟ ಸಕ್ಕರೆಯಾಗುತ್ತದೆ. ಆ ಸಿಹಿನೀರನ್ನು ಸೋಸಿ, ಹಾಪ್ಸ್ ಎಂಬ ಬಳ್ಳಿಯ ಹೂ ಹಾಕಿ ಕುದಿಸಬೇಕು. ಬಿಯರಿನ ಕಹಿ ಆ ಹೂವಿನದು. ಭಾರತದಲ್ಲಿ ಅದು ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಬೆಳೆಯುತ್ತದೆ. ಕುದಿಸಿದ್ದನ್ನು ತಣಿಸಿ ಯೀಸ್ಟ್ ಬೆರೆಸಿದರೆ ಹುದುಗುವಿಕೆ ಶುರು. ಏಲ್ ಬಗೆಗೆ 20 ಡಿಗ್ರಿ ಆಸುಪಾಸಿನಲ್ಲಿ ಒಂದೆರಡು ವಾರ ಬೇಕು, ಲಾಗರ್ ಆದರೆ ಇನ್ನೂ ತಂಪಿನಲ್ಲಿ ಒಂದು ತಿಂಗಳೂ ಹಿಡಿಯಬಹುದು. ಅಷ್ಟು ದಿನವೂ ಉಷ್ಣತೆ ಕಾಯಬೇಕು, ಪಾತ್ರೆ ಬೆಳಗಬೇಕು, ಹುಳಿ ಬರದಂತೆ ನೋಡಿಕೊಳ್ಳಬೇಕು. ಅಹಮದಾಬಾದಿನ ಮೇ ತಿಂಗಳ 43 ಡಿಗ್ರಿ ಬಿಸಿಲಿನಲ್ಲಿ, ಪೊಲೀಸರ ಕಣ್ಣು ತಪ್ಪಿಸಿ, ತಂಪುಪೆಟ್ಟಿಗೆಯ ಮೋಟಾರು ಗುಂಯ್‌ಗುಡುವ ಕೋಣೆಯೊಂದನ್ನು ತಿಂಗಳುಗಟ್ಟಲೆ ಬಚ್ಚಿಡುವುದು ಯಾರಿಂದಾದೀತು? ಕೊಳೆತ ಬೆಲ್ಲದ ಕಳ್ಳಭಟ್ಟಿಗೆ ಒಂದು ಡ್ರಮ್ಮು, ಒಂದು ಕೊಳವೆ, ಒಂದಿಷ್ಟು ಸೌದೆ ಸಾಕು. ದಾಳಿಯಾದರೆ ಬಿಟ್ಟು ಓಡಬಹುದು.

ಸಾಗಣೆಯ ಲೆಕ್ಕವೂ ಬಿಯರಿಗೆ ವಿರುದ್ಧ. ಶೇ. 5ರ 650 ಮಿ.ಲೀ. ಬಿಯರ್ ಬಾಟಲಿಯಲ್ಲಿರುವ ಶುದ್ಧ ಆಲ್ಕೋಹಾಲ್ ಸುಮಾರು 32 ಮಿ.ಲೀ. ಶೇ. 42.8ರ 750 ಮಿ.ಲೀ. ವಿಸ್ಕಿಯಲ್ಲಿ 320 ಮಿ.ಲೀ. ಒಂದು ವಿಸ್ಕಿ ಬಾಟಲಿಯ ಅಮಲಿಗೆ ಹತ್ತು ಬಿಯರ್ ಬಾಟಲಿ ಹೊರಬೇಕು. ಕಾರಿನ ಡಿಕ್ಕಿಯಲ್ಲಿ ಕಳ್ಳಸಾಗಣೆ ಮಾಡುವವನು ಯಾವುದನ್ನು ಆರಿಸುತ್ತಾನೆ ಎನ್ನುವುದಕ್ಕೆ ಅರ್ಥಶಾಸ್ತ್ರ ಓದಬೇಕಿಲ್ಲ. 1920ರಿಂದ 1933ರವರೆಗಿನ ಅಮೆರಿಕದ ಪಾನನಿರೋಧದಲ್ಲೂ ಇದೇ ಆಯಿತು: ಬಿಯರ್ ಕುಡಿಯುತ್ತಿದ್ದ ದೇಶ ಕಳ್ಳ ವಿಸ್ಕಿ, ಜಿನ್‌ಗಳಿಗೆ ತಿರುಗಿತು.

ಗುಜರಾತಿನಲ್ಲಿ ಇದಕ್ಕೆ ತೆತ್ತ ಬೆಲೆ ಮೆಥನಾಲಿನ ರೂಪದಲ್ಲಿ ಕಾಣಿಸಿಕೊಂಡಿದೆ. ಕಾರ್ಖಾನೆಗಳಲ್ಲಿ ಬಳಸುವ ಈ ರಾಸಾಯನಿಕ ಕುಡಿಯುವ ಆಲ್ಕೋಹಾಲಿನಂತೆಯೇ ತೋರುತ್ತದೆ. ಮೊದಲು ಕಣ್ಣು ತೆಗೆಯುತ್ತದೆ, ಆಮೇಲೆ ಜೀವ. 1989ರಲ್ಲಿ ವಡೋದರಾದಲ್ಲಿ ವಿಷಮದ್ಯದಿಂದ ನೂರಕ್ಕೂ ಹೆಚ್ಚು ಜನ ಸತ್ತರು. 2009ರ ಜುಲೈನಲ್ಲಿ ಅಹಮದಾಬಾದಿನ ಕಾರ್ಮಿಕ ಬಡಾವಣೆಗಳಲ್ಲಿ 130ಕ್ಕೂ ಹೆಚ್ಚು ಮಂದಿ. ಆ ವರ್ಷವೇ ವಿಧಾನಸಭೆ ವಿಷಮದ್ಯ ಮಾಡಿ ಜನರನ್ನು ಕೊಂದವರಿಗೆ ಮರಣದಂಡನೆಯವರೆಗೂ ಶಿಕ್ಷೆ ವಿಧಿಸುವ ತಿದ್ದುಪಡಿ ತಂದಿತು. 2022ರ ಜುಲೈನಲ್ಲಿ ಬೋಟಾದ್ ಜಿಲ್ಲೆಯಲ್ಲೂ ಅದಕ್ಕೆ ತಾಗಿದ ಅಹಮದಾಬಾದ್ ಗ್ರಾಮಾಂತರದಲ್ಲೂ ಮತ್ತೆ 40ಕ್ಕೂ ಹೆಚ್ಚು ಸಾವು. ಪಾನನಿರೋಧವೇ ಇದಕ್ಕೆಲ್ಲ ಕಾರಣ ಎಂದು ಸುಲಭವಾಗಿ ಹೇಳಿಬಿಡುವಂತಿಲ್ಲ. ಮದ್ಯ ಮುಕ್ತವಾಗಿ ಸಿಗುತ್ತಿದ್ದ ಬೆಂಗಳೂರಿನಲ್ಲೇ 1981ರಲ್ಲಿ ಇದೇ ಮೆಥನಾಲ್ 300ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಎರಡೂ ಕಡೆ ಸತ್ತವರು ಅಗ್ಗದ್ದನ್ನೇ ಹುಡುಕಬೇಕಾದ ಬಡವರು.

ಅಂಕಿಅಂಶದ ಪ್ರಕಾರ ಗುಜರಾತಿನಲ್ಲಿ ಕುಡಿಯುವವರು ತೀರ ಕಡಿಮೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕುಡಿಯುತ್ತೇನೆಂದು ಒಪ್ಪಿಕೊಂಡ ಗಂಡಸರು ನೂರಕ್ಕೆ ಆರರಷ್ಟು. ಕುಡಿದದ್ದಕ್ಕೇ ಜೈಲಿಗೆ ಹೋಗಬಹುದಾದ ರಾಜ್ಯದಲ್ಲಿ, ಮನೆ ಬಾಗಿಲಿಗೆ ಬಂದ ಸರ್ಕಾರಿ ಸಮೀಕ್ಷೆಯವರಿಗೆ ಎಷ್ಟು ಜನ ನಿಜ ಹೇಳಿಯಾರು ಎಂಬ ಅನುಮಾನ ಇದ್ದೇ ಇದೆ. ಆದರೂ ಸಂಜೆಯಾದ ಮೇಲೆ ಹೆಂಗಸರು ಧೈರ್ಯವಾಗಿ ರಸ್ತೆಯಲ್ಲಿ ಓಡಾಡುತ್ತಾರೆ ಎಂದು ಅಹಮದಾಬಾದಿನವರು ಹೆಮ್ಮೆಯಿಂದ ಹೇಳಿಕೊಳ್ಳುವುದನ್ನು ತಳ್ಳಿಹಾಕಲಾಗದು. ಪಾನನಿರೋಧಕ್ಕೆ ಅಲ್ಲಿ ಜನಬೆಂಬಲ ಇದೆ, ಅದರಲ್ಲೂ ಮನೆಯೊಳಗೆ.

ಅಹಮದಾಬಾದ್

ನಗರದ ಸಾಮಾನ್ಯ ಅಂಗಡಿಯ ಫ್ರಿಜ್ಜಿನಲ್ಲಿ ಬಿಯರಿನ ಹೆಸರು ಹೊತ್ತ ಡಬ್ಬಿಗಳು ಕಾಣುವುದುಂಟು. ಅವು ‘ಝೀರೊ’ ಬಿಯರ್‌ಗಳು. ದೇಶದ ಆಹಾರ ಸುರಕ್ಷತಾ ನಿಯಮದ ಪ್ರಕಾರ ಶೇ. 0.5ಕ್ಕಿಂತ ಹೆಚ್ಚು ಆಲ್ಕೋಹಾಲ್ ಇದ್ದರೆ ಮಾತ್ರ ಅದು ಮದ್ಯ. ಬಿಯರ್ ಮಾಡಿ, ಒತ್ತಡ ಇಳಿಸಿದ ಪಾತ್ರೆಯಲ್ಲಿ ಕಡಿಮೆ ಬಿಸಿಗೇ ಆಲ್ಕೋಹಾಲನ್ನು ಆವಿಯಾಗಿಸಿ ತೆಗೆದುಬಿಡುವುದು ಒಂದು ವಿಧಾನ, ಹುದುಗುವಿಕೆಯನ್ನು ಶುರುವಿನಲ್ಲೇ ತಡೆಯುವುದು ಇನ್ನೊಂದು. ದೊಡ್ಡ ಕಂಪನಿಗಳು ಕಳೆದ ಕೆಲವು ವರ್ಷಗಳಲ್ಲಿ ಇಂಥವನ್ನು ಭಾರತದ ಮಾರುಕಟ್ಟೆಗೆ ತಂದಿವೆ. ಅಮೆರಿಕದ ಪಾನನಿರೋಧ ಕಾಲದಲ್ಲಿ ಅಲ್ಲಿನ ಬ್ರೂವರಿಗಳು ಬದುಕಿಕೊಳ್ಳಲು ಮಾಡುತ್ತಿದ್ದ ಸಪ್ಪೆ ಬಿಯರಿನ ಮಿತಿಯೂ ಇದೇ ಶೇ. 0.5 ಆಗಿತ್ತು. ರುಚಿಯ ಬಗ್ಗೆ ಒಂದೇ ಮಾತು: ಮಾಲ್ಟಿನ ಸಿಹಿ ಮುಂದೆ ಬರುತ್ತದೆ, ಅದನ್ನು ಕತ್ತರಿಸುವ ಆಲ್ಕೋಹಾಲಿನ ಖಾರ ಇಲ್ಲದೆ ಕೊನೆಯ ಗುಟುಕು ಗಂಜಿಯ ನೆನಪು ತರುತ್ತದೆ.

2023ರ ಡಿಸೆಂಬರ್ 22ರಂದು ರಾಜ್ಯ ಸರ್ಕಾರ ಒಂದು ಸಣ್ಣ ಕಿಂಡಿ ತೆರೆಯಿತು. ಅಹಮದಾಬಾದ್ ಮತ್ತು ಗಾಂಧಿನಗರದ ನಡುವಿನ ಗಿಫ್ಟ್ ಸಿಟಿ ಎಂಬ ಹಣಕಾಸು ವಲಯದ ಹೋಟೆಲು, ರೆಸ್ಟೋರೆಂಟು, ಕ್ಲಬ್ಬುಗಳಲ್ಲಿ ಊಟದ ಜೊತೆ ಮದ್ಯ ಬಡಿಸಲು ಅನುಮತಿ ಸಿಕ್ಕಿತು. ಅಲ್ಲಿ ಕೆಲಸ ಮಾಡುವವರಿಗೂ ಅವರ ಅಧಿಕೃತ ಅತಿಥಿಗಳಿಗೂ ಮಾತ್ರ ಎಂಬುದು ಆಗಿನ ಷರತ್ತು. ಬಾಟಲಿ ಮಾರುವಂತಿಲ್ಲ. ಜಾಗತಿಕ ಬ್ಯಾಂಕುಗಳನ್ನು ಸೆಳೆಯಬೇಕಾದರೆ ಸಂಜೆಯ ವ್ಯವಸ್ಥೆಯೂ ಬೇಕು ಎಂಬ ಲೆಕ್ಕಾಚಾರ ಇದರ ಹಿಂದಿತ್ತು. ತಯಾರಿಕೆಗೆ ಈ ಕಿಂಡಿಯಲ್ಲಿ ಜಾಗವಿಲ್ಲ. ಬರುವ ಬಿಯರೆಲ್ಲ ಹೊರಗಿನದು.

ವಡೋದರಾ

ಈ ನಗರದ ನಂಟು ಬಿಯರಿನ ಜೊತೆಗಿಂತ ಆಲ್ಕೋಹಾಲಿನ ಜೊತೆ, ಅದೂ ಔಷಧದ ದಾರಿಯಿಂದ. ಸೂರತ್ ಮೂಲದ ರಸಾಯನಶಾಸ್ತ್ರಜ್ಞ ತ್ರಿಭುವನದಾಸ್ ಗಜ್ಜರ್ ಮೂರನೇ ಸಯಾಜಿರಾವ್ ಗಾಯಕವಾಡರ ಬರೋಡಾದಲ್ಲಿ ಪಾಠ ಹೇಳುತ್ತಿದ್ದರು, 1890ರಲ್ಲಿ ಅಲ್ಲಿ ಕಲಾಭವನ ಎಂಬ ತಾಂತ್ರಿಕ ಶಾಲೆ ತೆರೆದರು. ಅವರ ಜೊತೆ ಕೋಟಿಭಾಸ್ಕರ್ ಮತ್ತು ಬಿ.ಡಿ. ಅಮೀನ್ ಸೇರಿ 1907ರಲ್ಲಿ ಕಟ್ಟಿದ್ದು ಅಲೆಂಬಿಕ್ ಕಂಪನಿ. ಇವತ್ತು ಅದು ಔಷಧ ಕಂಪನಿಯೆಂದು ಎಲ್ಲರಿಗೂ ಗೊತ್ತು. ಶುರುವಿನಲ್ಲಿ ಅದರ ಕೆಲಸ ಆಲ್ಕೋಹಾಲ್ ಮತ್ತು ಟಿಂಕ್ಚರ್ ತಯಾರಿಸುವುದಾಗಿತ್ತು. ಅಲೆಂಬಿಕ್ ಎಂದರೇ ಭಟ್ಟಿ ಇಳಿಸುವ ಪಾತ್ರೆ. ಪಾನನಿರೋಧದ ರಾಜ್ಯದ ಹೆಸರುವಾಸಿ ಕಂಪನಿಯೊಂದು ತನ್ನ ಹೆಸರಿನಲ್ಲೇ ಭಟ್ಟಿಯನ್ನು ಇಟ್ಟುಕೊಂಡು ನೂರು ವರ್ಷ ದಾಟಿದೆ.

ನಗರದಿಂದ ಪೂರ್ವಕ್ಕೆ ಛೋಟಾ ಉದೇಪುರದ ರಾಠ್ವಾ ಆದಿವಾಸಿಗಳ ಊರುಗಳಲ್ಲಿ ಮಹುಡಾ ಇನ್ನೂ ಪೂಜೆಯ ಪದಾರ್ಥ. ಮನೆಯ ಗೋಡೆಯ ಮೇಲೆ ಪಿಠೋರಾ ದೇವರ ಕುದುರೆಗಳನ್ನು ಬರೆಸುವ ವ್ರತದಲ್ಲಿ ಅದರ ನೈವೇದ್ಯ ಆಗಲೇಬೇಕು. ಕಾಯ್ದೆ ಮತ್ತು ದೇವರ ನಡುವಿನ ಈ ಬಿಕ್ಕಟ್ಟನ್ನು ಪೇಟೆಯ ಚರ್ಚೆಗಳು ಗಮನಿಸಿದ್ದು ಕಡಿಮೆ.

ಗಡಿಯಾಚೆ

ದಕ್ಷಿಣ ಗುಜರಾತಿಗೆ ಬಿಯರ್ ಎಂದರೆ ದಮನ್. 1961ರ ಡಿಸೆಂಬರ್‌ವರೆಗೆ ಪೋರ್ಚುಗೀಸರ ಕೈಯಲ್ಲಿದ್ದ ಈ ಸಣ್ಣ ಊರು ಕೇಂದ್ರಾಡಳಿತ ಪ್ರದೇಶವಾದ್ದರಿಂದ ಗುಜರಾತಿನ ಕಾಯ್ದೆ ಅದಕ್ಕೆ ಅನ್ವಯಿಸುವುದಿಲ್ಲ. ವಾಪಿ ರೈಲು ನಿಲ್ದಾಣದಿಂದ ಸುಮಾರು ಹನ್ನೆರಡು ಕಿಲೋಮೀಟರು. ಗಡಿ ದಾಟಿದ ಕೂಡಲೇ ಮದ್ಯದಂಗಡಿಗಳ ಸಾಲು. ಮದ್ಯ ತಯಾರಿಸುವ ಕಾರ್ಖಾನೆಗಳೂ ಅಲ್ಲಿವೆ. ವಾರಾಂತ್ಯಕ್ಕೆ ಸೂರತ್ತಿನ ವಜ್ರ, ಬಟ್ಟೆ ವ್ಯಾಪಾರಿಗಳ ಕಾರುಗಳು ಅತ್ತ ಹೊರಡುತ್ತವೆ. ಡಿಸೆಂಬರ್ 31ರ ರಾತ್ರಿ ಮರಳಿ ಬರುವ ದಾರಿಯಲ್ಲಿ ವಲ್ಸಾಡ್ ಜಿಲ್ಲೆಯ ಪೊಲೀಸರು ಉಸಿರು ಪರೀಕ್ಷಿಸುವ ಯಂತ್ರ ಹಿಡಿದು ಕಾಯುತ್ತಾರೆ. ಉತ್ತರದವರಿಗೆ ಇದೇ ಅನುಕೂಲ ರಾಜಸ್ಥಾನದ ಅಬು ರೋಡ್ ಮತ್ತು ಮೌಂಟ್ ಅಬುವಿನಲ್ಲಿ.

ಕ್ರಾಫ್ಟ್ ಬಿಯರ್ ಎಂಬ ಮಾತಿಗೆ ಅರ್ಥ ಹುಡುಕಬೇಕಾದರೆ ಇನ್ನೂ ದೂರ, ಬೆಂಗಳೂರಿಗೇ ಬರಬೇಕು. ಇಲ್ಲಿಯೂ ಎಲ್ಲ ಶುರುವಾದದ್ದು ಕಾನೂನಿನಿಂದಲೇ. ಬೆಂಗಳೂರಿನಲ್ಲಿ ದಂಡಿನ ಸಿಪಾಯಿಗಳಿಗಾಗಿ 1885ರಲ್ಲೇ ಬ್ರೂವರಿ ಇತ್ತು. 1915ರಲ್ಲಿ ಥಾಮಸ್ ಲೈಶ್‌ಮನ್ ಎಂಬ ಸ್ಕಾಟ್ಲೆಂಡಿನವ ಅದನ್ನೂ ನೀಲಗಿರಿ ಮೊದಲಾದ ಕಡೆಯ ಬ್ರೂವರಿಗಳನ್ನೂ ಕೂಡಿಸಿ ಯುನೈಟೆಡ್ ಬ್ರೂವರೀಸ್ ಮಾಡಿದ. 1940ರ ದಶಕದ ಕೊನೆಯಲ್ಲಿ ಅದು ವಿಠಲ್ ಮಲ್ಯ ಅವರ ಕೈಗೆ ಬಂತು. ಹಳೆಯ ಬ್ರೂವರಿ ಇದ್ದ ಜಾಗದಲ್ಲಿ ಈಗ ಯುಬಿ ಸಿಟಿ ನಿಂತಿದೆ. ಆದರೆ ಪಬ್ಬಿನೊಳಗೇ ಬಿಯರ್ ಕಾಯಿಸಲು ಪ್ರತ್ಯೇಕ ಲೈಸೆನ್ಸ್ ಬೇಕಿತ್ತು. ಗುರುಗ್ರಾಮ, ಪುಣೆಗಳಲ್ಲಿ 2009ರ ಹೊತ್ತಿಗೆ ಅದು ಸಾಧ್ಯವಾಗಿತ್ತು. ಕರ್ನಾಟಕದ ಅಬಕಾರಿ ನಿಯಮ ಅದಕ್ಕೆ ದಾರಿ ಮಾಡಿಕೊಟ್ಟ ಮೇಲೆ 2011ರಲ್ಲಿ ದಿ ಬಿಯರ್ ಕ್ಲಬ್ ತೆರೆಯಿತು. ಇಂದಿರಾನಗರದ ಟಾಯ್ಟ್, ಮಗ್ರಾತ್ ರಸ್ತೆಯ ಆರ್ಬರ್, ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್ ಹಿಂದೆಮುಂದೆಯೇ ಬಂದವು. ಆಮೇಲೆ ಹೆಣ್ಣೂರು, ಸರ್ಜಾಪುರ, ಮಾರತಹಳ್ಳಿಗಳಲ್ಲಿ ಮದುವೆ ಛತ್ರದಷ್ಟು ವಿಶಾಲವಾದವು ಎದ್ದವು.

ಈ ಜಾಗಗಳಲ್ಲಿ ಹೆಚ್ಚು ಖರ್ಚಾಗುವುದು ಗೋಧಿ ಬಿಯರ್. ಜರ್ಮನಿಯ ಹೆಫೆವೈಜೆನ್ ಶೈಲಿಯದರಲ್ಲಿ ಬಾಳೆಹಣ್ಣಿನ, ಲವಂಗದ ಪರಿಮಳ ಬರುತ್ತದೆ. ಹಣ್ಣು, ಮಸಾಲೆ ಯಾವುದನ್ನೂ ಹಾಕಿರುವುದಿಲ್ಲ, ಯೀಸ್ಟೇ ಅದನ್ನು ಹುಟ್ಟಿಸುತ್ತದೆ. ಬೆಲ್ಜಿಯಂನ ವಿಟ್‌ಬಿಯರಿಗೆ ಕಿತ್ತಳೆ ಸಿಪ್ಪೆ, ಕೊತ್ತಂಬರಿ ಬೀಜ ಬೀಳುತ್ತದೆ. ಸಾರಿನಪುಡಿಯ ಮನೆಯವರಿಗೆ ಇದು ಪರಕೀಯ ಎನಿಸದಿದ್ದರೆ ಆಶ್ಚರ್ಯವಿಲ್ಲ. ಟಾಯ್ಟ್ ಬಾಸ್ಮತಿ ಅಕ್ಕಿ ಹಾಕಿ ಮಾಡಿದ ತೆಳುಬಣ್ಣದ ಬಿಯರ್ ಹೆಸರು ಮಾಡಿತು. ಮಾವಿನ ಕಾಲಕ್ಕೆ ಮಾವು, ಚಿಕ್ಕಮಗಳೂರಿನ ಕಾಫಿ, ರಾಗಿ, ಬೆಲ್ಲ ಕೂಡ ಅಲ್ಲಲ್ಲಿ ಹಂಡೆಗೆ ಇಳಿದಿವೆ. ಎಲ್ಲ ಪ್ರಯೋಗವೂ ಚೆನ್ನಾಗಿರುತ್ತದೆ ಎಂದಲ್ಲ. ಹಣ್ಣಿನ ಬಿಯರುಗಳಲ್ಲಿ ಬಹಳಷ್ಟು ಶರಬತ್ತಿಗೆ ಹತ್ತಿರ. ಸೋಸದ, ಪಾಶ್ಚರೀಕರಿಸದ ಬಿಯರ್ ಹೆಚ್ಚು ದಿನ ತಾಳುವುದಿಲ್ಲ, ಹಾಗಾಗಿ ಕಾಯಿಸಿದಲ್ಲೇ ಕುಡಿಯಬೇಕು ಎಂಬ ನಿಯಮ ಇಲ್ಲಿ ರುಚಿಗೂ ಒಪ್ಪುತ್ತದೆ. ನಮ್ಮಲ್ಲೂ ಇಬ್ಬಗೆಯ ನೀತಿ ಇಲ್ಲದಿಲ್ಲ. 2007ರ ಜುಲೈ 1ರಂದು ಕರ್ನಾಟಕ ಸಾರಾಯಿಯನ್ನು ನಿಷೇಧಿಸಿತು. ಬಡವರ ಗ್ಲಾಸು ಮುಚ್ಚಿ ನಾಲ್ಕು ವರ್ಷಕ್ಕೆ ಉಳ್ಳವರ ತಾಮ್ರದ ಹಂಡೆ ಒಲೆ ಏರಿತು.

ಬೆಂಗಳೂರಿನ ಬಿಯರಿಗೂ ದಕ್ಷಿಣ ಗುಜರಾತಿಗೂ ಒಂದು ನೇರ ಎಳೆಯೂ ಇದೆ. ಇಂಗ್ಲೆಂಡಿನ ಭಾರತೀಯ ಹೋಟೆಲುಗಳಲ್ಲಿ ಪ್ರಸಿದ್ಧವಾದ ಕೋಬ್ರಾ ಬಿಯರನ್ನು ಹುಟ್ಟುಹಾಕಿದವರು ಹೈದರಾಬಾದಿನಲ್ಲಿ ಹುಟ್ಟಿದ ಪಾರ್ಸಿ, ಕರಣ್ ಬಿಲಿಮೋರಿಯಾ. ಬಿಲಿಮೋರಾ ಸೂರತ್ತಿನ ದಕ್ಷಿಣಕ್ಕೆ, ನವಸಾರಿ ಜಿಲ್ಲೆಯಲ್ಲಿರುವ ಊರು. ಊಟದ ಮಧ್ಯೆ ಹೊಟ್ಟೆ ಉಬ್ಬರಿಸದ ಬಿಯರ್ ಬೇಕು ಎಂಬ ಆಸೆಯಿಂದ ಶುರುವಾದ ಆ ಕೋಬ್ರಾ 1990ರಲ್ಲಿ ಮೊದಲು ತಯಾರಾಗಿ ಹಡಗು ಹತ್ತಿದ್ದು ಬೆಂಗಳೂರಿನ ಮೈಸೂರ್ ಬ್ರೂವರೀಸ್‌ನಿಂದ.

ಸೂರತ್

ಮೂರು ನಗರಗಳಲ್ಲಿ ಪಾನೀಯದ ಚರಿತ್ರೆ ಹೆಚ್ಚು ಸೊಗಸಾಗಿರುವುದು ಸೂರತ್ತಿನದು. 1613ರಲ್ಲಿ ಇಂಗ್ಲಿಷರು ಇಲ್ಲಿ ಕೋಠಿ ತೆರೆದರು. 1638ರಲ್ಲಿ ಬಂದ ಜರ್ಮನ್ ಪ್ರವಾಸಿ ಮಾಂಡೆಲ್ಸ್ಲೊ ಆ ಇಂಗ್ಲಿಷರು ಕುಡಿಯುತ್ತಿದ್ದ ಒಂದು ಪಾನೀಯವನ್ನು ಬರೆದಿಟ್ಟಿದ್ದಾನೆ: ಭಟ್ಟಿ ಇಳಿಸಿದ ಮದ್ಯ, ಪನ್ನೀರು, ನಿಂಬೆರಸ, ಸಕ್ಕರೆ. ಜಗತ್ತಿಗೆಲ್ಲ ‘ಪಂಚ್’ ಎಂದು ಪರಿಚಯವಾದ ಪಾನೀಯದ ಹಳೆಯ ದಾಖಲೆಗಳಲ್ಲಿ ಇದೊಂದು. ಆ ಹೆಸರು ನಮ್ಮ ‘ಪಂಚ’ದಿಂದಲೇ ಬಂದದ್ದು ಎನ್ನುವವರಿದ್ದಾರೆ, ಒಪ್ಪದವರೂ ಇದ್ದಾರೆ.

ಬಿಯರ್ ಬರಬಹುದಾಗಿದ್ದ ಜಾಗವನ್ನು ಸೂರತ್ತಿನಲ್ಲಿ ತುಂಬಿದ್ದು ಸೋಡಾ. 1923ರಲ್ಲಿ ಅಬ್ಬಾಸ್ ಅಬ್ದುಲ್‌ರಹೀಂ ಹಜೂರಿ ಒಂದು ಪಾನೀಯ ಮಾಡಿದರು. ಆಗ ಬ್ರಿಟಿಷರ ವಿಮ್ಟೊ ಎಂಬ ತಂಪುಪಾನೀಯ ಮಾರುಕಟ್ಟೆಯಲ್ಲಿತ್ತು, ಅದಕ್ಕೆದುರಾಗಿ ಸ್ವದೇಶಿಯೊಂದು ಬೇಕು ಎಂಬುದು ಉದ್ದೇಶ. ಮೊದಲು ಇಟ್ಟ ಹೆಸರು ‘ವಿಸ್ಕಿ ನೋ’. ದೇವಿ ಸೂರತ್ ಜಿಲ್ಲೆಯ ಬಯಲುಗಳಲ್ಲಿ ದಾರೂ ಬಿಡಿ ಎಂದ ಮರುವರ್ಷವೇ ಪೇಟೆಯ ಬಾಟಲಿಯೂ ಹಾಗೆಂದಿತು ಎನ್ನಬೇಕು, ಎರಡಕ್ಕೂ ಸಂಬಂಧ ಇದ್ದಿರಲಾರದಾದರೂ. ಆಮೇಲೆ ಸಂಗಾತಿ ಎಂಬರ್ಥದ ಲ್ಯಾಟಿನ್ ಮಾತಿನಿಂದ ‘ಸೋಶಿಯೊ’ ಎಂದು ಹೆಸರಾಯಿತು. ಸೂರತ್ತಿನ ಬಾಯಿಗೆ ಅದು ‘ಸೋಸ್ಯೊ’ ಆಯಿತು, ಕಂಪನಿಯೂ ಜನರ ಉಚ್ಚಾರವನ್ನೇ ಅಕ್ಷರಕ್ಕೆ ಇಳಿಸಿಕೊಂಡಿತು.

ಸೋಸ್ಯೊ ದ್ರಾಕ್ಷಿ ಮತ್ತು ಸೇಬಿನ ಸೈಡರಿನ ರುಚಿಯದು. ಬಣ್ಣ ಕಂದು, ಮೊದಲ ಗುಟುಕಿನಲ್ಲಿ ಹುದುಗಿದ ಹಣ್ಣಿನ ನೆನಪು, ಕೊನೆಗೆ ಸಣ್ಣ ಒಗರು. ಕುಡಿಯದೆಯೇ ಕುಡಿದಂತೆ ಅನಿಸಬೇಕೆಂದು ಮಾಡಿದ ರುಚಿ ಎಂದು ಅದನ್ನು ಮೊದಲ ಬಾರಿ ಕುಡಿದವರಿಗೆ ತೋರುತ್ತದೆ. ಲೋಚೊ ಎಂಬ ಊರಿನ ಖಾರದ ತಿಂಡಿ, ಪಾರ್ಸಿ ಊಟ, ಮುಸ್ಲಿಂ ಮದುವೆಯ ಬಿರಿಯಾನಿ, ಎಲ್ಲದರ ಜೊತೆಗೂ ಹೊಂದುತ್ತದೆ. ಅದೇ ಮನೆಯ ಕಾಶ್ಮೀರಾ ಮಸಾಲೆ ಸೋಡಾ, ಜಿನ್‌ಲಿಮ್, ಲೆಮೀ ಮೊದಲಾದವೂ ಇವೆ. ದೊಡ್ಡ ಕೋಲಾ ಕಂಪನಿಗಳ ಹೊಡೆತಕ್ಕೆ ದೇಶದ ಎಷ್ಟೋ ಊರ ಸೋಡಾಗಳು ಮುಳುಗಿದರೂ ಇದು ದಕ್ಷಿಣ ಗುಜರಾತಿನ ಆಸರೆಯಲ್ಲಿ ತೇಲಿತು. 2023ರ ಜನವರಿಯಲ್ಲಿ, ನೂರು ತುಂಬುವ ವರ್ಷದಲ್ಲೇ, ರಿಲಯನ್ಸ್ ಇದರ ಅರ್ಧ ಪಾಲು ಕೊಂಡಿತು. ನಮ್ಮಲ್ಲಿ ಇದಕ್ಕೆ ಜೋಡಿ ಹೇಳಬೇಕೆಂದರೆ ಪುತ್ತೂರಿನ ಬಿಂದು ಜೀರಾ. ಒಂದು ಸೀಮೆಯ ನಾಲಗೆಯನ್ನು ನಂಬಿ ಬೆಳೆದದ್ದು ಅದೂ ಹೌದು. ಕ್ರಾಫ್ಟ್ ಎಂಬ ಮಾತನ್ನು ಊರಿನ ರುಚಿಗೆ ಊರಿನವರೇ ಮಾಡಿದ ಪಾನೀಯ ಎಂದು ಅರ್ಥಮಾಡಿಕೊಂಡರೆ ಸೂರತ್ತಿನ ಕ್ರಾಫ್ಟ್ ಪಾನೀಯ ಸೋಸ್ಯೊ.

ಇನ್ನೊಂದು ಉಳಿದಿದೆ, ಎಲ್ಲಕ್ಕಿಂತ ಹಳೆಯದು. ಚಳಿಗಾಲದ ಮುಂಜಾವಿನಲ್ಲಿ ಸೂರತ್ ಮತ್ತು ಸುತ್ತಲಿನ ಊರುಗಳಲ್ಲಿ ನೀರೊ ಮಾರುತ್ತಾರೆ. ನಮ್ಮ ನೀರಾ ಅದೇ. ರಾತ್ರಿಯಿಡೀ ಮರದ ಮೇಲಿನ ಮಡಕೆಗೆ ತೊಟ್ಟಿಕ್ಕಿದ ರಸ, ಇನ್ನೂ ಹುದುಗಿಲ್ಲದ್ದು. ಮಡಕೆಯ ಒಳಗೆ ಸುಣ್ಣ ಬಳಿದಿದ್ದರೆ ಹುದುಗು ತಡವಾಗುತ್ತದೆ, ಚಳಿ ಇದ್ದರೆ ಇನ್ನೂ ತಡ. ಅದಕ್ಕೇ ಇದು ಚಳಿಗಾಲದ ಪಾನೀಯ. ಗಾಳಿಯಲ್ಲಿರುವ ಯೀಸ್ಟಿಗೆ ಮಾತ್ರ ಯಾವ ಪರ್ಮಿಟ್ಟೂ ಬೇಡ. ಬಿಸಿಲೇರಿದಂತೆ ಸಿಹಿ ಕರಗಿ ಹುಳಿ ಹತ್ತುತ್ತದೆ, ನೊರೆ ಏಳುತ್ತದೆ, ಅದೇ ಗ್ಲಾಸಿನ ಅದೇ ರಸ ಕೆಲವೇ ಗಂಟೆಗಳಲ್ಲಿ ನೀರಾದಿಂದ ತಾಡಿಯಾಗಿ, ಮಾರುವವನನ್ನು ಅಪರಾಧಿ ಮಾಡಬಲ್ಲದು. ಹಾಗಾಗಿ ಬೆಳಕು ಹರಿಯುವ ಮೊದಲೇ ಗಿರಾಕಿಗಳು ಸ್ವೆಟರ್ ತೊಟ್ಟು ನಿಂತಿರುತ್ತಾರೆ, ಇಬ್ಬನಿ ಆರುವ ಹೊತ್ತಿಗೆ ವ್ಯಾಪಾರ ಮುಗಿದಿರುತ್ತದೆ.